ರಕೂನಿನ ಬಾಯಲ್ಲಿ ದೋಸೆ

ನಿಸರ್ಗಾ ಮಾಡಿದ ತಪ್ಪು ಇಷ್ಟೇ: ಮರದ ಹಲಗೆಯಲ್ಲಿ ಕೆತ್ತಿ ಅಚ್ಚೊತ್ತಿದ ಐದು ಚಿತ್ರಗಳನ್ನು ಗರಾಜಿನಲ್ಲಿ ಒಣಹಾಕಿ, ಬಾಗಿಲು ಮುಚ್ಚುವುದನ್ನು ಮರೆತಳು.

ಮಿಲ್ಪಿಟಾಸಿನಲ್ಲಿ ಒಂದಕ್ಕೊಂದು ಅಂಟಿಕೊಂಡ ಮೂರು ಟೌನ್‌ಹೌಸುಗಳ ಪೈಕಿ ನಡುವಿನದು ಅವಳ ಮನೆ. ಚಿತ್ರಸರಣಿಯ ಕತೆಯೂ ಆ ಸಾಲಿನದೇ: ರಾತ್ರಿ ಹೊತ್ತು ಕಸ ಕೆದಕುವ ರಕೂನೆಂಬ ಪ್ರಾಣಿಯೊಂದು ಮನೆಯೊಂದರ ಡಬ್ಬಿಯಿಂದ ದೋಸೆ ಕದ್ದು ಊರು ಸುತ್ತುತ್ತದೆ. ಐದರಲ್ಲೂ ಅದೇ ರಕೂನು, ಅದೇ ದೋಸೆ. ಚಿತ್ರದಿಂದ ಚಿತ್ರಕ್ಕೆ ದೋಸೆ ಮಾತ್ರ ಒಂದೊಂದು ತುತ್ತು ಸಣ್ಣದಾಗುತ್ತದೆ. ಅಂದೇ ಸಂಜೆ ಐದರೊಳಗೆ ಬರ್ಕ್ಲಿಯ ಗ್ಯಾಲರಿಗೆ ಮುಟ್ಟಿಸಿದರೆ ಪ್ರದರ್ಶನದಲ್ಲಿ ಜಾಗ. ಅವಳ ಚಿತ್ರಗಳನ್ನು ಇದುವರೆಗೆ ಅಮ್ಮನ ಹೊರತು ಯಾರೂ ನೋಡಿರಲಿಲ್ಲ.

"ಎಂತ ಮಾರಾಯ್ತಿ ಇದು!" ಎಡಮನೆಯ ಗುಣಪಾಲ ಮೊದಲ ಚಿತ್ರದೆದುರು ನಿಂತಿದ್ದರು. ಕಾರ್ಕಳದವರು, ಕಾಲೊನಿಯ ಅಸೋಸಿಯೇಷನ್ನಿನ ಕಾರ್ಯದರ್ಶಿ. "ಕಾಲೊನಿಗೆ ನುಗ್ಗುವ ರಕೂನು ಯಾರ ಡಬ್ಬಿಗೆ ಬರುವುದು ಅಂತ ನಾನು ಹುಡುಕಿ ಹುಡುಕಿ ಸಾಕಾಗಿದೆ. ನೀನು ಅದನ್ನು ನನ್ನ ಮನೆಯಿಂದಲೇ ಹೊರಡಿಸಿದ್ದೀಯಲ್ಲ!"

"ಅಯ್ಯೋ, ನಿಮ್ಮದಲ್ಲ ಅಂಕಲ್. ಅಚ್ಚೊತ್ತಿದಾಗ ಎಡ ಬಲ ತಿರುಗಿಬಿಡತ್ತೆ. ನಾನು ಕೆತ್ತಿದ ಹಲಗೆ ನೋಡಿ, ಬಲಗಡೆ ಮನೆ."

"ಬಲಗಡೆ ಅಂದ್ರೆ ನಾನಾ?" ಗದ್ದಲ ಕೇಳಿ ಬಂದಿದ್ದ ಬಲಮನೆಯ ಜಯರಾಮ್ ಕೆಂಡವಾದರು. "ಮಂಡ್ಯದೋರು ದೋಸೆ ಬಿಸಾಕ್ತೀವಾ? ಸೀದೋಗಿದ್ರೂ ತಿಂತೀವಿ ಕಣವ್ವ!"

ಒಬ್ಬರನ್ನು ಪಾರುಮಾಡಿದರೆ ಇನ್ನೊಬ್ಬರು ತಪ್ಪಿತಸ್ಥರು. ನಿಸರ್ಗಾ ಒರಳಿಗೆ ಬಿದ್ದ ಉದ್ದಿನಬೇಳೆಯಂತಾದಳು.

"ಅಳಿಸು ಅದನ್ನ," ಇಬ್ಬರೂ ಒಟ್ಟಿಗೇ ಅಂದರು.

"ಕೆತ್ತಿದ್ದು ಅಳಿಸಕ್ಕೆ ಬರಲ್ಲ ಅಂಕಲ್. ಹೊಸ ಹಲಗೆನೇ ಕೆತ್ತಬೇಕು."

"ಕೆತ್ತು. ನಾವಿಲ್ಲೇ ಕೂತಿರ್ತೀವಿ."

ಕೂತೇಬಿಟ್ಟರು. ಅಮ್ಮನ ಕಾಫಿ ಎರಡು ಸಲ ಬಂತು. "ಬಾಲ ಇನ್ನೂ ದಪ್ಪ ಉಂಟು," ಎಂದು ಒಬ್ಬರು, "ಕಿವಿ ಸಣ್ಣುಕ್ ಮಾಡವ್ವ," ಎಂದು ಇನ್ನೊಬ್ಬರು. ಅಷ್ಟರಲ್ಲಿ ನಿಸರ್ಗಾಳಿಗೆ ಥಟ್ಟನೆ ಹೊಳೆಯಿತು: ಎಷ್ಟು ತಿರುಗಿಸಿದರೂ ನಡುವಿನ ಮನೆ ನಡುವೆಯೇ ಇರುತ್ತದೆ! ರಕೂನು ಅಲ್ಲಿಂದಲೇ ಹೊರಡಲಿ.

ಅಚ್ಚು ಮೂಡಿದಾಗ ಇಬ್ಬರ ಮುಖವೂ ಅರಳಿತು. ಗಂಟೆ ಮಾತ್ರ ಐದು ದಾಟಿತ್ತು.

"ಚಂದ ಉಂಟು. ಐದನ್ನೂ ನನಗೆ ಕೊಡ್ತೀಯಾ?" ಎಂದರು ಗುಣಪಾಲ.

ತನ್ನ ಚಿತ್ರವನ್ನು ಯಾರಾದರೂ ಕೇಳಿದ್ದು ಅದೇ ಮೊದಲು. ಬರ್ಕ್ಲಿಯ ದುಃಖ ಅರ್ಧ ಇಳಿಯಿತು. ಕೊಟ್ಟುಬಿಟ್ಟಳು.

ಕತ್ತಲಾಗುವ ಮುಂಚೆ ಅಮ್ಮನ ಜೊತೆ ಅಂಚೆ ಪೆಟ್ಟಿಗೆಗಳ ಕಡೆ ಹೋದರೆ, ನೋಟಿಸ್ ಬೋರ್ಡಿನ ಮುಂದೆ ಇಡೀ ಕಾಲೊನಿಯೇ ನೆರೆದಿತ್ತು. ಐದು ಚಿತ್ರಗಳೂ ಅಲ್ಲಿ ಸಾಲಾಗಿ ತೂಗುತ್ತಿದ್ದವು. ಕೆಳಗೊಂದು ಬರಹ:

"ರಕೂನಿನ ಮೂಲ ಪತ್ತೆಯಾಗಿದೆ. ನಡುವಿನ ಮನೆ. ಸಾಕ್ಷ್ಯ: ಆ ಮನೆಯವರೇ ಕೈಯಾರೆ ಕೆತ್ತಿಕೊಟ್ಟ ಚಿತ್ರಗಳು." ಅದರಡಿ ಗುಣಪಾಲ, ಜಯರಾಮ್ ಇಬ್ಬರ ಸಹಿ.

"ಮಾನ ಹೋಯ್ತಲ್ಲೇ!" ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

ನಿಸರ್ಗಾ ಜನರ ನಡುವೆ ಮೆಲ್ಲಗೆ ನುಸುಳಿ, ಸೊಟ್ಟಗೆ ತೂಗುತ್ತಿದ್ದ ಮೂರನೆಯ ಚಿತ್ರವನ್ನು ನೆಟ್ಟಗೆ ಮಾಡಿದಳು.