ಹಿಮ್ಮಡಿ ಇಳಿಸುವ ಹಲಗೆ

ಕಾಲಿನ ವಿಷಯದಲ್ಲಿ ನಮ್ಮ ಮನೆಯಲ್ಲಿ ಯಾವುದೂ ನೆಟ್ಟಗೆ ನಡೆದದ್ದಿಲ್ಲ. ಇನ್ನು ಮುಂದೆ ನಡೆಯುವ ಭರವಸೆಯೂ ಇಲ್ಲ.

ನಾನು ಬನಹಟ್ಟಿಯ ನೇಕಾರ. ನನ್ನದು ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು, ಕೆಳಗಿನ ಕಟ್ಟಿಗೆಯ ಪಟ್ಟಿಗಳನ್ನು ತುದಿಗಾಲಿನಿಂದ ತುಳಿಯುತ್ತ ನೇಯಬೇಕು. ವಯಸ್ಸಾದಂತೆ ಬಲಗಾಲಿನ ಮೀನಖಂಡ ಬಿಗಿಯಿತು. ಹಿಮ್ಮಡಿಯ ಮೇಲಿನ ನರ ಮೋಟಾಯಿತು. ಹಿಮ್ಮಡಿ ನೆಲ ಮುಟ್ಟುವುದನ್ನೇ ಬಿಟ್ಟಿತು. ನಡೆದರೆ ಕಳ್ಳನ ಹಾಗೆ ಕಾಣುತ್ತಿದ್ದೆ. ತುಳಿದರೆ ಕಾಲು ಸೆಟೆಯುತ್ತಿತ್ತು. ಮಗ್ಗ ನಿಂತಿತು.

ಮಗನಿಗೆ ಪವರ್‌ಲೂಮ್ ಹಾಕುವ ಅವಸರ. ಮನೆಯಲ್ಲಿ ಜಾಗ ಇದ್ದದ್ದು ನನ್ನ ಕುಣಿಯದ್ದೊಂದೇ.

“ಅಪ್ಪಾ, ದೀವಳಿಗಿ ಪಾಡ್ಯಾಕ್ಕ ಕುಣ್ಯಾಗ ಕುಂತು ಒಂದು ಮೊಳ ನೇದು ತೋರ್ಸು. ನಾ ಬಾಯಿ ಮುಚ್ಚತೇನಿ. ಇಲ್ಲಂದ್ರ ಕುಣಿ ಮುಚ್ಚತೇನಿ.”

ನಾನು ಹೂಂ ಅಂದೆ. ನನ್ನ ಕಷ್ಟ ಅಲ್ಲಿಂದ ಸುರುವಾಯಿತು.

ಗೋಡೆ

ಜಮಖಂಡಿಯ ಡಾಕ್ಟರು ಮೊದಲು ಗೋಡೆ ನೂಕಲು ಹೇಳಿದರು. ಎರಡೂ ಕೈ ಗೋಡೆಗೆ ಕೊಟ್ಟು, ಒಂದು ಕಾಲು ಹಿಂದಿಟ್ಟು, ಹಿಮ್ಮಡಿ ಒತ್ತಿ ಬಾಗಬೇಕು. “ಎಲ್ಲಿ ಗ್ವಾಡಿ ಸಿಕ್ಕರೂ ಮಾಡ್ರಿ, ನಾಚಬ್ಯಾಡ್ರಿ” ಅಂದರು.

ನಾಚಲಿಲ್ಲ. ಬಸ್ ನಿಲ್ದಾಣದಲ್ಲಿ ಬನಹಟ್ಟಿ ಬಸ್ಸು ಬರುವುದಿತ್ತು. ಅಲ್ಲಿಯ ಗೋಡೆಗೇ ಕೈಕೊಟ್ಟು ನಿಂತೆ.

ತೇರದಾಳದ ಕಡೆಯ ಒಬ್ಬ ರೈತ ಚೀಲ ಇಳಿಸಿ ಕೇಳಿದ: “ಯಾಕ್ರಿ ಯಜಮಾನ್ರ, ಗ್ವಾಡಿ ಬೀಳಾಕತ್ತೈತೇನು?”

ನಾನು ಹಿಮ್ಮಡಿ ಒತ್ತಿ ಇನ್ನಷ್ಟು ಬಾಗಿದೆ. ಅವನು ಅದನ್ನೇ ಹೌದು ಅಂದುಕೊಂಡ. ಚೀಲ ಬಿಟ್ಟು ತಾನೂ ಕೈಕೊಟ್ಟ. ಇನ್ನಿಬ್ಬರು ಓಡಿ ಬಂದರು. “ಹೆಣ್ಣಮಕ್ಕಳು ಹಿಂದಕ್ಕ ಸರೀರಿ!” ಅಂತ ಒಬ್ಬ ಕೂಗಿದ. ಕೂತವರೆಲ್ಲ ಗಂಟುಮೂಟೆ ಎತ್ತಿಕೊಂಡು ಹೊರಗೆ ಓಡಿದರು.

ನನ್ನ ವ್ಯಾಯಾಮ ಮುಗಿಯಿತು. ಕೈ ತೆಗೆದೆ.

“ಏ ಮುದುಕಪ್ಪಾ, ಬಿಡಬ್ಯಾಡೋ!” ಅಂತ ಎಲ್ಲರೂ ಒಟ್ಟಿಗೆ ಚೀರಿದರು.

ಮತ್ತೆ ಹಿಡಿದೆ. ನಮ್ಮೆದುರಿಗೇ ಬಸ್ಸು ಬಂತು, ಹೋಯಿತು.

ಬೂಟು

ಗೋಡೆಯಿಂದ ಉಪಯೋಗ ಆಗಲಿಲ್ಲ. ಡಾಕ್ಟರು ಮಲಗುವಾಗ ಹಾಕಿಕೊಳ್ಳುವ ಬೂಟು ಕೊಟ್ಟರು. ಮೊಣಕಾಲಿನ ಕೆಳಗಿನಿಂದ ಬೆರಳಿನವರೆಗೆ ಗಟ್ಟಿ ಪ್ಲಾಸ್ಟಿಕ್ಕು, ಮೇಲೆ ಪಟ್ಟಿಗಳು. ಪಾದವನ್ನು ಮೇಲಕ್ಕೆ ಎತ್ತಿ ಹಿಡಿಯುತ್ತದೆ.

ಒಂದು ಮಧ್ಯಾಹ್ನ ಅದನ್ನು ಕಟ್ಟಿಕೊಂಡು ಪಡಸಾಲೆಯಲ್ಲಿ ಒರಗಿದ್ದೆ. ಹೆಂಡತಿಯ ತಮ್ಮ ಅನಗವಾಡಿಯಿಂದ ಬಂದ.

“ಮಾವಾರ, ಎಲ್ಲಿ ಬಿದ್ರಿ?”

“ಬಿದ್ದಿಲ್ಲ.”

“ನಮ್ಮ ಮುಂದ ಎಂಥಾ ನಾಚಿಕಿ ರೀ?”

ಅವನು ಚಹಾ ಕುಡಿದು ಹೋದ. ಮರುದಿನದಿಂದ ಬೀಗರು ಬರತೊಡಗಿದರು. ಲೋಕಾಪುರದವರು ಬಾಳೆಹಣ್ಣು ತಂದರು, ನಾನು ಮೋಟಾರ್ ಸೈಕಲ್ಲಿನಿಂದ ಬಿದ್ದಿದ್ದೆನಂತೆ. ಮುಧೋಳದವರು ಬ್ರೆಡ್ಡು ತಂದರು, ನಾನು ಬಾವಿಯಲ್ಲಿ ಬಿದ್ದಿದ್ದೆನಂತೆ. ಎರಡೂ ಕಡೆಯವರು ಪಡಸಾಲೆಯಲ್ಲೇ ವಾದಕ್ಕೆ ನಿಂತರು. ನನ್ನನ್ನು ಯಾರೂ ಕೇಳಲಿಲ್ಲ.

ಮೂರನೆಯ ದಿನ ಹೆಂಡತಿಯ ತಮ್ಮ ಎಲುಬು ಕೂಡಿಸುವ ಮುದುಕನನ್ನೇ ಕರೆತಂದ. ಮುದುಕ ಬೂಟು ಬಿಚ್ಚಿದ. ಎಣ್ಣೆ ಹಚ್ಚಿದ. ಮೊಣಕಾಲಿನಿಂದ ಹಿಮ್ಮಡಿಯವರೆಗೆ ಒತ್ತಿ ಒತ್ತಿ ನೋಡಿದ. ನಾನು ಹಲ್ಲು ಕಚ್ಚಿ ಕೂತೆ. ಕೊನೆಗೆ ತಲೆಯಾಡಿಸಿದ.

“ಭಾಳ ಛಲೋ ಕೂಡೇತಿ. ಮುರದ ಗುರುತs ಇಲ್ಲ. ಯಾರ ಕಡೆ ಕಟ್ಟಿಸಿದ್ರಿ?”

ಶಾವಿಗೆ

ಬೂಟಿನಿಂದಲೂ ಹಿಮ್ಮಡಿ ಪೂರ್ತಿ ಇಳಿಯಲಿಲ್ಲ. ಡಾಕ್ಟರು ಇಳಿಜಾರು ಹಲಗೆ ಮಾಡಿಸಲು ಹೇಳಿದರು. ಬೆರಳು ಮೇಲೆ, ಹಿಮ್ಮಡಿ ಕೆಳಗೆ ಇಟ್ಟು ಅದರ ಮೇಲೆ ನಿಲ್ಲಬೇಕು. ನಮ್ಮ ಓಣಿಯ ಬಡಿಗ ಮಾಡಿಕೊಟ್ಟ. ಕಾಲು ಜಾರಬಾರದೆಂದು ಮೇಲೆ ಸಣ್ಣ ಸಣ್ಣ ಗೆರೆಯನ್ನೂ ಕೊರೆದ.

ಬೇಸಿಗೆ ಇತ್ತು. ನಮ್ಮಲ್ಲಿ ಹೆಂಗಸರು ಕೂಡಿ ಶಾವಿಗೆ ಹೊಸೆಯುವ ಕಾಲ. ಅದಕ್ಕೂ ಇಳಿಜಾರು ಮಣೆ ಬೇಕು, ಮೇಲೆ ಗೆರೆ ಬೇಕು.

ಒಂದು ದಿನ ಪೇಟೆಯಿಂದ ಬಂದೆ. ನನ್ನ ಹಲಗೆ ಹೊರಸು ಮಂಚದ ಮೇಲಿತ್ತು. ಅದರ ಮೇಲೆ ಹೆಂಡತಿ ಹಿಟ್ಟು ಹೊಸೆಯುತ್ತಿದ್ದಳು. ಸುತ್ತ ಓಣಿಯ ಹೆಂಗಸರು.

“ಎಂಥಾ ಸಣ್ಣ ಎಳಿ ಬರ್ತಾವ ಬೇ ಯಕ್ಕಾ! ಈ ಮಣಿ ಎಲ್ಲಿ ಮಾಡಿಸಿದಿ?”

“ಅದು ಮಣಿ ಅಲ್ಲ. ನನ್ನ ಕಾಲಿಂದು” ಅಂದೆ.

ಎಲ್ಲರ ಕೈಗಳೂ ನಿಂತವು. ಹೆಂಡತಿ ತಲೆ ಎತ್ತಲಿಲ್ಲ. “ತೊಳದೇನಿ” ಅಂದಳು.

ಆದರೂ ಯಾರೂ ಹಿಟ್ಟು ಮುಟ್ಟಲಿಲ್ಲ. ಕೊನೆಗೆ ಅವರಲ್ಲಿ ಹಿರಿಯಳಾದ ಅಜ್ಜಿ ನನ್ನ ಕಾಲನ್ನೊಮ್ಮೆ ನೋಡಿ ತೀರ್ಪು ಕೊಟ್ಟಳು: “ಹೊಸೀರೆ ನೀವು. ದುಡಿಯಾಕ ಹೋಗದ ಕಾಲು. ಅದಕ್ಕ ಎಲ್ಲಿ ಹೊಲಸ ಹತ್ತಬೇಕು?”

ಪಾಡ್ಯ

ಆ ಮಾತಿನ ಮೇಲೆ ಹಠ ಹಿಡಿದೆ. ದಿನಾ ನಿಂತೆ. ಹಬ್ಬ ಹತ್ತಿರ ಬರುವಷ್ಟರಲ್ಲಿ ಹಿಮ್ಮಡಿ ನೆಲ ಮುಟ್ಟಿತು. ನೋವೂ ಹೋಯಿತು.

ಪಾಡ್ಯದ ದಿನ ಮಗ ಪವರ್‌ಲೂಮ್ ಜೋಡಿಸುವವನನ್ನೂ ಕರೆದುಕೊಂಡು ಬಂದ. ಕುಣಿಯ ಮೇಲೆ ತಗಡು ಮುಚ್ಚಿ ಜೋಳದ ಚೀಲ ಇಟ್ಟಿದ್ದರು. ಎಲ್ಲ ತೆಗೆಸಿದೆ. ಪೂಜೆ ಆಯಿತು. ಕೂತೆ. ಕಾಲು ಇಳಿಬಿಟ್ಟು ತುಳಿದೆ.

ಕಾಲು ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯಿತು. ಹಿಮ್ಮಡಿ ಸಮೇತ ನೆಲಕ್ಕೆ ಕೂತಿತು. ಹರೆಯದಲ್ಲೂ ಇಷ್ಟು ಹಗುರವಾಗಿ ತುಳಿದವನಲ್ಲ. ಮನಸ್ಸಿನಲ್ಲೇ ಡಾಕ್ಟರಿಗೆ ಕೈಮುಗಿದೆ.

ಮಗ್ಗ ಮಾತ್ರ ಅಲುಗಲಿಲ್ಲ.

ಇನ್ನೊಮ್ಮೆ ತುಳಿದೆ. ಅಲುಗಲಿಲ್ಲ. ಮಗ ಬಗ್ಗಿ ನೋಡಿದ.

“ಅಪ್ಪಾ, ನೀ ನೆಲಾ ತುಳ್ಯಾಕತ್ತಿ. ಪಟ್ಟಿನ ಇಲ್ಲ.” ತಾಯಿಯ ಕಡೆಗೆ ತಿರುಗಿದ. “ಅವ್ವಾ, ತುಳಿಯೂ ಪಟ್ಟಿ ಎಲ್ಲಿ ಹೋದ್ವು?”

“ಅಯ್ಯ, ಬಡಿಗ್ಯಾ ಹಲಿಗಿಗೆ ಒಣಾ ಕಟ್ಟಿಗಿ ಬೇಕಂದ. ಸುಮ್ಮನ ಬಿದ್ದಿದ್ವಲ್ಲ, ಬಿಚ್ಚಿ ಕೊಟ್ಟೆ. ನಿಮ್ಮಪ್ಪಾರು ಇಷ್ಟು ದಿನಾ ನಿಂತಿದ್ದು ಅವುಗಳ ಮ್ಯಾಲೆ ಅಲ್ಲೇನೋ?”

ಪವರ್‌ಲೂಮಿನವನು ಗೋಡೆ ಹಿಡಿದುಕೊಂಡು ನಕ್ಕ. ಮಗ ನೆಲಕ್ಕೆ ಕೂತು ನಕ್ಕ. ನಾನು ಕುಣಿಯೊಳಗೇ ಇದ್ದೆ.

ಬಡಿಗ ಬಂದ. ಹಲಗೆ ಬಿಚ್ಚಿ ಪಟ್ಟಿಗಳನ್ನು ಮತ್ತೆ ಮಗ್ಗಕ್ಕೆ ಕಟ್ಟಿದ. ದೀಪ ಹಚ್ಚುವ ಹೊತ್ತಿಗೆ ಒಂದು ಮೊಳ ನೇಯ್ದೆ. ಕುಣಿ ಉಳಿಯಿತು.

ಆದರೆ ಹಲಗೆ ಹೋಯಿತು. ಇನ್ನೊಂದು ಮಾಡಿಸಬೇಕು ಅಂದೆ. ಹೆಂಡತಿ ಕಟ್ಟಿಗೆಗಾಗಿ ಮಗ್ಗದ ಕಡೆಗೇ ನೋಡಿದಳು. “ಬ್ಯಾಡ ಬಿಡು” ಅಂದೆ.

ಬೇಸಿಗೆ ಬರುವಷ್ಟರಲ್ಲಿ ಹಿಮ್ಮಡಿ ಮತ್ತೆ ಮೇಲೆದ್ದಿತು. ಜಮಖಂಡಿಗೆ ಹೋದೆ. ಡಾಕ್ಟರು ಕಾಲು ಹಿಡಿದು ನೋಡಿ ಸಿಟ್ಟಾದರು.

“ಯಜಮಾನ್ರ, ಖರೆ ಹೇಳ್ರಿ. ಆ ಹಲಿಗಿ ಉಪಯೋಗ ಮಾಡಾಕತ್ತೀರೋ, ಮೂಲ್ಯಾಗ ಒಗದೀರೋ?”

“ಇಲ್ರಿ ಸಾಹೇಬ್ರ” ಅಂದೆ. “ಮುಂಜಾನಿಂದ ಸಂಜೀತನಕ ಅದನ್ನs ತುಳ್ಯಾಕತ್ತೇನಿ.”