ಅತ್ತೆ ಹತ್ತಿ ಇಳಿಯುವಂಥ ರೇಸ್ ಕಾರು

ಈ ಶನಿವಾರ ನಾನು ಮಾಡಿದ ಕೆಲಸಗಳು ಇವು. ಐದೂವರೆಗೆ ಎದ್ದು ಅಂಗಳಕ್ಕೆ ನೀರು ಹಾಕಿ ರಂಗೋಲಿ ಬಿಟ್ಟೆ. ಹಾಲು ಕಾಯಿಸಿದೆ. ಅತ್ತೆಯ ಮಂಡಿಗೆ ಎಣ್ಣೆ ತಿಕ್ಕಿದೆ. ಅಟ್ಟದಿಂದ ಇಳಿಸಿದ ಕಾಯಿ ಸುಲಿಯಲು ಬಂದ ಮಾದಣ್ಣನಿಗೆ ಕಾಫಿ ಕೊಟ್ಟೆ. ನೆಲಕ್ಕೆ ನೆಟ್ಟು ಕಾಯಿ ಸುಲಿಯುವ ಅವನ ಸಲಾಕೆ ಮುರಿದಿದೆ ಎಂದಾಗ ಹಿತ್ತಿಲ ಕೋಣೆಯಲ್ಲಿ ಬಿದ್ದಿದ್ದ ಕಬ್ಬಿಣವೊಂದನ್ನು ಹುಡುಕಿ ಕೊಟ್ಟೆ. ಎರಡು ಬಕೆಟ್ ಬಟ್ಟೆ ಒಗೆದೆ. ಹುರುಳಿ ಬೇಯಲು ಇಟ್ಟೆ. ಯಜಮಾನರ ರೇಸಿನ ಅಂಗಿಗೆ ಗುಂಡಿ ಹೊಲಿದೆ. ಇದರಲ್ಲಿ ಯಾವುದು ತಪ್ಪು ಎಂದು ಕೇಳಿದ್ದರೆ ಮಧ್ಯಾಹ್ನ ಮೂರರವರೆಗೆ ನಾನು ಯಾವುದೂ ಇಲ್ಲ ಎಂದೇ ಹೇಳುತ್ತಿದ್ದೆ.

ರೇಸಿನ ಅಂಗಿ ಎಂದೆನಲ್ಲ, ಅದನ್ನು ಬಿಡಿಸಿ ಹೇಳಬೇಕು. ತಿಪಟೂರಿನಲ್ಲಿ ಪಂಪ್‌ಸೆಟ್ ಮೋಟಾರಿಗೆ ತಂತಿ ಸುತ್ತುವ ನಮ್ಮ ಯಜಮಾನರಿಗೆ ವಯಸ್ಸು ನಲವತ್ತನಾಲ್ಕು. ಈ ವಯಸ್ಸಿನಲ್ಲಿ ಕೆಲವರಿಗೆ ಸಕ್ಕರೆ ಕಾಯಿಲೆ ಬರುತ್ತದೆ. ಇವರಿಗೆ ಕಾರ್ ರೇಸು ಬಂತು. ಹೋದ ವರ್ಷ ನಮ್ಮ ಹಳೆಯ ಮಾರುತಿ ಕಾರನ್ನು ತೊಳೆದು, ಅರಿಶಿನ ಕುಂಕುಮ ಹಚ್ಚಿ, ತುಮಕೂರಿನಾಚೆ ಮಣ್ಣಿನ ಮೈದಾನದ ರೇಸಿಗೆ ಹೋದರು. ಕಾರು ಮಗುಚಿದರೆ ಒಳಗಿನವರು ಉಳಿಯಲು ಕಬ್ಬಿಣದ ಪೈಪಿನ ಪಂಜರ ಇರಬೇಕು, ಇಲ್ಲದಿದ್ದರೆ ಒಳಗೆ ಬಿಡುವುದಿಲ್ಲ ಎಂದು ಗೇಟಿನಲ್ಲೇ ತಡೆದರು. ದಿನವಿಡೀ ಬೇಲಿಯ ಹೊರಗೆ ನಿಂತು ನೋಡಿ ಬಂದವರು ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಬಾಯಿಬಿಟ್ಟು, "ಪಂಜರ ಹಾಕಿಸ್ತೀನಿ ಕಣೇ" ಎಂದರು.

ನಮಗಿರುವುದು ಅದೊಂದೇ ಕಾರು. ಪ್ರತಿ ಮಂಗಳವಾರ ಅದರಲ್ಲಿ ಅತ್ತೆ ನೊಣವಿನಕೆರೆಯ ತಂಗಿಯ ಮನೆಗೆ ಹೋಗಬೇಕು, ಮಂಡಿ ಮಡಿಸಲಾಗದ್ದರಿಂದ ಮುಂದಿನ ಸೀಟಿನಲ್ಲೇ ಕೂರಬೇಕು. ಸಂತೆಗೆ, ಮದುವೆಗೆ, ಹಿಂಡಿ ಬೂಸಕ್ಕೆ ಅದೇ. ಹಿಂದಿನ ಸೀಟು ನನ್ನದು. ಹದಿನೈದು ವರ್ಷದಿಂದ ಕಿಟಕಿಗೆ ತಲೆಯಾನಿಸಿ ಕೂರುವ, ಯಾರೂ ಮಾತಾಡಿಸದ ಆ ಅರ್ಧ ಗಂಟೆ ನನಗೆ ಸಿಗುವ ಒಂದೇ ರಜೆ. ಆದ್ದರಿಂದ ನಾನು ಹೇಳಿದ್ದಿಷ್ಟೆ: "ಹಾಕಿಸ್ಕೊಳ್ಳಿ. ಅತ್ತೆ ಹತ್ತಿ ಇಳಿಯಂಗಿರ್ಬೇಕು, ಹಿಂದ್ಲು ಸೀಟು ಕೀಳಬಾರ್ದು."

ಪಂಜರದ ಕೆಲಸ ವೆಲ್ಡಿಂಗ್ ಬಾಷಾನಿಗೆ ಬಿತ್ತು. ಊರಿನ ಅರ್ಧ ಗೇಟು, ಕಿಟಕಿ ಸರಳು ಅವನದೇ ಕೈಕೆಲಸ. ಕಾರಿಗೂ ಗೇಟಿಗೂ ಅವನು ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಛಾವಣಿಯ ಪೈಪಿಗೆ ಒಂದು ಹೂವಿನ ಸುರುಳಿ ಕೂರಿಸಲೇ ಎಂದು ಕೇಳಿದ. ಅಳತೆಗೆ ಅತ್ತೆಯನ್ನೇ ಮುಂದಿನ ಸೀಟಿನಲ್ಲಿ ಕೂರಿಸಿದರು.

"ಅಮ್ಮಾ, ಒಸಿ ತಲೆ ಬಗ್ಗಿಸಿ" ಎಂದ ಬಾಷಾ, ಟೇಪು ಹಿಡಿದು.

"ನಾನ್ಯಾಕ್ಲಾ ಬಗ್ಗಿಸ್ಲಿ? ನಿನ್ ಪೈಪ್ ಬಗ್ಸು" ಎಂದರು ಅತ್ತೆ.

ಪೈಪು ಬಗ್ಗಿತು. ಛಾವಣಿಗೆ, ಸೀಟಿನ ಬೆನ್ನಿಗೆ, ಡಿಕ್ಕಿಯ ಕಡೆಗೆ ಪೈಪುಗಳು ಹಾದವು. ತಲೆ ತಗಲುವ ಕಡೆಗೆಲ್ಲ ನಾನು ಹಳೆಯ ದಿಂಬಿನ ಸ್ಪಂಜು ಸುತ್ತಿ ಹೊಲಿದೆ. ಕಷ್ಟ ಉಳಿದದ್ದು ಮುಂದಿನ ಬಾಗಿಲುಗಳಿಗೆ ಅಡ್ಡವಾಗಿ ಬರುವ ಪೈಪಿನದು. ಬಲಗಡೆ ಯಜಮಾನರು ಹಾರಿ ಕೂರುತ್ತಾರೆ, ಸರಿ. ಎಡಗಡೆ ಅತ್ತೆ ಹಾರುವುದಿಲ್ಲ. ಬಾಷಾ ಯೋಚಿಸಿ, ಎಡಗಡೆಯ ಪೈಪಿನ ಎರಡೂ ತುದಿ ಚಪ್ಪಟೆ ಮಾಡಿಸಿ, ತೂತು ಕೊರೆಸಿ, ಬೋಲ್ಟ್ ಹಾಕಿದ. ರೇಸಿಗೆ ಹಾಕುವುದು, ಅತ್ತೆಗೆ ಬಿಚ್ಚುವುದು. ಬಿಚ್ಚಿದ ಪೈಪು ಹಿತ್ತಿಲ ಕೋಣೆಗೆ ಹೋಯಿತು. ಮಂಗಳವಾರಗಳು ಮೊದಲಿನಂತೆ ನಡೆದವು. ಅತ್ತೆ ಛಾವಣಿಯ ಪೈಪಿಗೆ ಎಲೆಅಡಿಕೆ ಚೀಲ ನೇತುಹಾಕಿಕೊಂಡರು. ನೊಣವಿನಕೆರೆಯಲ್ಲಿ ಒಬ್ಬರು, "ಇದೇನ್ರೀ, ಕೋತಿ ಕಾಟಕ್ಕಾ?" ಎಂದು ಕೇಳಿದರು. ಯಜಮಾನರು ಹೌದೆಂದರು, ವಿವರಿಸುವುದು ಕಷ್ಟವಿತ್ತು.

ಈಗ ಶನಿವಾರಕ್ಕೆ ಬರೋಣ. ಭಾನುವಾರ ಬೆಳಿಗ್ಗೆ ರೇಸು. ಮೂರು ಗಂಟೆಗೆ ಯಜಮಾನರು ಸ್ಪಾನರ್ ಹಿಡಿದು ಹಿತ್ತಿಲ ಕೋಣೆಗೆ ಹೋದರು. ಹೊರಗೆ ಬಂದರು. ಮತ್ತೆ ಹೋದರು.

"ಏ, ಇಲ್ಲೊಂದು ಪೈಪಿತ್ತಲ್ಲ?"

ನಾನು ಬಟ್ಟೆ ಮಡಚುತ್ತಿದ್ದೆ. "ಎಂಥ ಪೈಪು?"

"ಎರಡೂ ತುದಿ ಚಪ್ಪಟೆಯಾಗಿರೋದು."

ಚಪ್ಪಟೆ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ನನ್ನ ಕೈ ನಿಂತಿತು. ಬೆಳಿಗ್ಗೆ ಅದನ್ನು ಕೊಟ್ಟಾಗ ಮಾದಣ್ಣ, "ಅಕ್ಕಾ, ಸಲಾಕೆಗೆ ಅಂತ್ಲೇ ಮಾಡ್ಸಿದಂಗೈತೆ" ಎಂದು ಖುಷಿಪಟ್ಟಿದ್ದ. ನಾನೂ ಪಟ್ಟಿದ್ದೆ. ನಮ್ಮ ಮನೆಯಲ್ಲಿ ಒಂದು ತಿಂಗಳು ಕೆಲಸವಿಲ್ಲದೆ ಮಲಗಿದ ಕಬ್ಬಿಣವನ್ನು ನಾನು ಎಂದೂ ಸುಮ್ಮನೆ ಬಿಟ್ಟವಳಲ್ಲ. ಇಬ್ಬರೂ ಅಂಗಳಕ್ಕೆ ಹೋದೆವು. ಪೈಪು ನೆಲದಲ್ಲಿ ಗಟ್ಟಿಯಾಗಿ ನಿಂತಿತ್ತು. ಮೇಲಿನ ತುದಿಯನ್ನು ಮಾದಣ್ಣ ಉಜ್ಜಿ ಈಟಿಯಂತೆ ಮಾಡಿದ್ದ, ಬೋಲ್ಟಿನ ತೂತು ಉಳಿದಿರಲಿಲ್ಲ. ಪಕ್ಕದಲ್ಲಿ ಮೊಳಕಾಲೆತ್ತರ ಸುಲಿದ ಮಟ್ಟೆ.

"ಐನೂರು ಕಾಯಿ ಆಗೈತೆ ಅಣ್ಣ. ಇಂಥ ಸಲಾಕೆ ನಾನು ಕಂಡೇ ಇಲ್ಲ" ಎಂದ ಮಾದಣ್ಣ.

ಯಜಮಾನರು ಸ್ಪಾನರನ್ನು ಜೇಬಿಗೆ ತುರುಕಿದರು. ಹೋದ ವರ್ಷ ಬೇಲಿಯ ಹೊರಗೆ ನಿಂತು ಬಂದ ಮುಖ ಅದು. ಬೈದಿದ್ದರೆ ನಾನೂ ನಾಲ್ಕು ಮಾತಾಡಬಹುದಿತ್ತು. ಬಾಷಾನಿಗೆ ಹೇಳಿಕಳಿಸಿದೆ. ಬಂದು ಪೈಪನ್ನು ತಿರುಗಿಸಿ ನೋಡಿದ. "ತುಂಡು ಸೇರಿಸಂಗಿಲ್ಲ, ಗೇಟಲ್ಲೇ ಹಿಡೀತಾರೆ. ನನ್ನತ್ರ ಇನ್ನೊಂದು ಪೈಪೈತೆ. ಆದ್ರೆ ತುದಿ ಚಪ್ಪಟೆ ಮಾಡಿ ತೂತು ಕೊರೆಯೋನು ತುರುವೇಕೆರೆಗೆ ಮದುವೆಗೆ ಹೋಗವ್ನೆ. ವೆಲ್ಡ್ ಮಾಡಿ ಕೂರಿಸ್ಬೋದು. ಆಮ್ಯಾಕೆ ಬಿಚ್ಚಕ್ಕಾಗಲ್ಲ."

ಯಜಮಾನರು ತಲೆಯಲ್ಲಾಡಿಸಿದರು. "ಬ್ಯಾಡ ಬುಡು. ಅವ್ವ ಹೆಂಗೆ ಹತ್ತುತ್ತೆ?"

ಜಗುಲಿಯಿಂದ ಅತ್ತೆಯ ದನಿ ಬಂತು. "ಮಾಡ್ಲಾ ಬಾಷಾ ವೆಲ್ಡು. ನಾನು ಹಿಂದ್ಲು ಸೀಟಲ್ಲಿ ಕಾಲು ಚಾಚ್ಕೊಂಡು ಕೂರ್ತೀನಿ. ಪೈಪ್ ಕೊಟ್ಟೋಳು ಪೈಪ್ ದಾಟ್ಲಿ."

ನ್ಯಾಯವಾಗಿತ್ತು. ಹಾಗೆ ನ್ಯಾಯವಾಗಿರಬಾರದಿತ್ತು ಎಂದು ನನಗೆ ಈಗಲೂ ಅನಿಸುತ್ತದೆ. ಆರೂವರೆಗೆ ವೆಲ್ಡಿಂಗ್ ಮುಗಿಯಿತು. ಬಿಸಿ ಆರಿದ ಮೇಲೆ ನಾನು ಸೀರೆ ಎತ್ತಿ ಕಟ್ಟಿ, ಒಂದು ಕಾಲು ಒಳಗಿಟ್ಟು, ತಲೆ ತಗ್ಗಿಸಿ, ಇನ್ನೊಂದು ಕಾಲನ್ನು ಕೈಯಲ್ಲಿ ಎತ್ತಿ ಒಳಗೆಳೆದುಕೊಂಡೆ. ಎದುರುಮನೆಯವರು ಬಾಗಿಲಿಗೆ ಬಂದರು. ಅತ್ತೆ, "ಬಲಗಾಲು ಮೊದ್ಲು ಇಡು ಕಣೇ, ಮನೆ ತುಂಬ್ಸಿಕೊಂಡಾಗ ಹೇಳ್ಕೊಟ್ಟಿರ್ಲಿಲ್ವಾ?" ಎಂದರು. ಯಜಮಾನರು ಆ ದಿನ ಮೊದಲ ಸಲ ನಕ್ಕರು. ಆಮೇಲೆ ಬಿಚ್ಚುವ ಪೈಪು ಹಾಕಿಸೋಣ ಎಂದೂ ಹೇಳಿದರು. ನಮ್ಮ ಬಚ್ಚಲ ನಲ್ಲಿಗೂ ಅವರು ಇದೇ ಆಮೇಲೆಯನ್ನು ಹೇಳಿ ಮೂರು ವರ್ಷವಾಗಿದೆ.

ರಾತ್ರಿಗೆ ರಾಗಿಮುದ್ದೆ, ಹುರುಳಿ ಸಾರು, ಮೇಲೆ ಹಸಿ ಈರುಳ್ಳಿ. ಯಜಮಾನರು ಎರಡು ಮುದ್ದೆ ಉಂಡು, ನಾಳೆಯ ಅಂಗಿಯನ್ನು ಮೊಳೆಗೆ ತಗುಲಿಸಿ, ನಿದ್ದೆ ಬರದೆ ಅಂಗಳದಲ್ಲಿ ಓಡಾಡುತ್ತಿದ್ದರು. ನನಗೆ ಸೊಂಟ ಹಿಡಿದು ಯಾವ ಮಗ್ಗುಲಿಗೂ ಮಲಗಲಾಗಲಿಲ್ಲ. ಅತ್ತೆಯ ಹಾಸಿಗೆ ಖಾಲಿಯಿತ್ತು. ಹೋಗಿ ನೋಡಿದರೆ ಕಾರಿನ ಹಿಂದಿನ ಸೀಟಿನಲ್ಲಿ, ನಾನು ಸುತ್ತಿದ ಸ್ಪಂಜಿಗೆ ತಲೆಯಾನಿಸಿ, ಎಲ್ಲರಿಗಿಂತ ಮೊದಲು ಗೊರಕೆ ಹೊಡೆಯುತ್ತಿದ್ದರು.