ಜಾಕಿರ್ ಮನೆ ಮುಂದಿನ ದೋಣಿ

"ನೀರು ಅಂದ್ರೆ ನನ್ನ ಮುಂದೆ ಕೈಕಟ್ಟಿ ನಿಲ್ಲಬೇಕು ಕಣೇ!" ಅಂತ ಜಾಕಿರ್ ಸ್ಪ್ಯಾನರ್ ಎತ್ತಿ ಹೆಂಡತಿ ಮುಂದೆ ಘೋಷಣೆ ಮಾಡಿದ. ಹದಿನೆಂಟು ವರ್ಷ ಚಳ್ಳಕೆರೆ ಸುತ್ತಮುತ್ತ ಬೋರ್‌ವೆಲ್ ಮೋಟಾರು ರಿಪೇರಿ ಮಾಡಿದ ಕೈ ಅದು. ಆದರೆ ದೋಣಿ? ದೋಣಿಯನ್ನು ಮಹಾನುಭಾವ ಕ್ಯಾಲೆಂಡರಿನಲ್ಲಿ ಮಾತ್ರ ನೋಡಿದ್ದ!

ಆ ದೋಣಿ ಈಗ ಟ್ರೈಲರ್ ಏರಿ ಅವನ ಮನೆ ಮುಂದೆಯೇ ನಿಂತಿತ್ತು. ದೇವಸಮುದ್ರದ ಕೃಷ್ಣಮೂರ್ತಿ ಈ ಸಲ ಕೆರೆ ತುಂಬಿದ ಖುಷಿಗೆ ಇದ್ದೊಂದು ಟೆಂಪೋ ಮಾರಿ ತಂದ ಹಳೇ ದೋಣಿ. ಹಿಂದೆ ನೀರಿಗಿಳಿದು ಫ್ಯಾನು ತಿರುಗಿಸುವ ಡ್ರೈವ್ ಇರುತ್ತಲ್ಲ, ಅದರ ಕವಚದಿಂದ ಒಳಗೆ ನೀರು ನುಗ್ಗುತ್ತಿತ್ತು.

"ಜಾಕಿರ್ ಭಾಯ್, ಭಾನುವಾರ ಸಿದ್ದಾಪುರದ ಸ್ಕೂಲ್ ಮಕ್ಕಳು ದೋಣೀಲಿ ಸುತ್ತೋಕೆ ಬರ್ತಾರೆ. ಅವತ್ತು ಇದು ತೇಲ್ಲಿಲ್ಲ ಅಂದ್ರೆ ನನ್ನ ಕಥೆ ಮುಗೀತು," ಅಂದಿದ್ದ ಕೃಷ್ಣಮೂರ್ತಿ. ಕಮ್ಮಾರನ ತಿದಿಯ ಹಾಗೆ ಮಡಿಕೆ ಮಡಿಕೆಯಾಗಿದ್ದ ಹೊಸ ರಬ್ಬರ್ ಕೊಳವೆಯೊಂದನ್ನೂ ಕವರಿನಲ್ಲಿ ಕೊಟ್ಟಿದ್ದ. "ಡ್ರೈವಿಗೆ ಹಾಕಿರೋ ಇಂಥದ್ದೇ ಹಳೇದು ಹರಿದಿರ್ಬೇಕು ಅಂತ ಅಂಗಡಿಯವ್ನು ಹೇಳ್ದ."

"ರಬ್ಬರ್ ಗಿಬ್ಬರ್ ಎಲ್ಲಾ ಮಕ್ಕಳಾಟ! ಅತ್ತಗಿಡಿ!" ಅಂದ ಜಾಕಿರ್.

ಲೀಕು ಹುಡುಕೋಕೆ ದೋಣಿಯನ್ನು ನೀರಿಗಿಳಿಸಬೇಕು. ಚಳ್ಳಕೆರೆಯಲ್ಲಿ ಅಷ್ಟು ನೀರು ಎಲ್ಲಿಂದ ತರೋದು? ತೂತು ಕೊಡಕ್ಕೆ ನೀರು ತುಂಬಿ ನೋಡಲ್ವೇ, ಹಾಗೇ ಮಾಡಿದ. ಇಂಜಿನ್ ಇಳಿಸಿ, ಸಂಪಿನ ನೀರನ್ನೆಲ್ಲ ದೋಣಿಯ ಹಿಂಭಾಗಕ್ಕೆ ಬಿಟ್ಟ.

"ಏನ್ರೀ, ನಲ್ಲಿ ಬರೋದೇ ಎಂಟು ದಿನಕ್ಕೊಂದ್ಸಲ. ಅದನ್ನೂ ದೋಣಿಗೆ ಕುಡಿಸ್ತೀರಾ?" ಅಂದಳು ಹೆಂಡತಿ ಶಬಾನಾ.

"ಒಂದೇ ಗಂಟೆ ಕಣೇ. ಒಂದು ಹನಿ ಬಿದ್ರೂ ಹಿಡೀತೀನಿ!"

ನಮಾಜು ಮುಗಿಸಿ, ಊಟ ಮಾಡಿ ಬಂದರೆ ಅರ್ಧಕ್ಕರ್ಧ ನೀರು ಮಾಯ! ಕೆಳಗೆ ನೆಲ ಒಣ ಒಣ. ನಮ್ಮ ಕಡೆ ನೆಲ ಗೊತ್ತಲ್ಲ, ಟ್ಯಾಂಕರ್ ಸುರಿದರೂ ಗಟಗಟ ಕುಡಿದು ಬಾಯಿ ಒರೆಸಿಕೊಳ್ಳುತ್ತೆ.

"ಯಾ ಅಲ್ಲಾ! ಇದು ಲೀಕಲ್ಲ, ಕಟ್ಟೆ ಒಡೆದಿರೋದು!"

ಸೀಲು ಬದಲಿಸಿದ. ಗ್ಯಾಸ್ಕೆಟ್ ಬದಲಿಸಿದ. ಟ್ಯಾಂಕರ್ ತರಿಸಿ ಮತ್ತೆ ತುಂಬಿದ. ಮರುದಿನ ಮಧ್ಯಾಹ್ನ ಮತ್ತೆ ಮಾಯ! ಶುಕ್ರವಾರದ ಹೊತ್ತಿಗೆ ಮನೆಯಲ್ಲಿ ಬಟ್ಟೆ ಒಗೆದಿರಲಿಲ್ಲ, ಸ್ನಾನಕ್ಕೆ ತಲೆಗೊಂದೇ ಚೊಂಬು. ಜಾಕಿರ್ ಮುಖ ಸಣ್ಣದಾಗಿತ್ತು.

"ಕೃಷ್ಣಮೂರ್ತಿ ನಂಬಿ ತಂದ್ಕೊಟ್ಟವ್ನೆ. ಸೋತೆ ಅಂತ ಫೋನ್ ಮಾಡ್ಬಿಡ್ಲಾ?"

"ನಾಳೆ ಇನ್ನೊಂದ್ಸಲ ತುಂಬಿ ನೀವು ಊಟಕ್ಕೆ ಕೂತ್ಕೊಳ್ಳಿ, ನಾನು ಕಿಟಕೀಲಿ ಕೂತ್ಕೋತೀನಿ. ಆಮೇಲೆ ಫೋನು," ಅಂದಳು ಶಬಾನಾ.

ಶನಿವಾರ ಎರಡನೇ ತುತ್ತಿಗೇ ಕೂಗು ಬಂತು. "ರೀ, ಓಡ್ಬನ್ನಿ! ಲೀಕು ಸಿಕ್ತು!"

ಎಂಜಲು ಕೈಯಲ್ಲೇ ಓಡಿದ. ದೊಡ್ಡಉಳ್ಳಾರ್ತಿ ಕಾವಲಿನಲ್ಲಿ ಕುರಿ ಮೇಯಿಸುವ ಮೂಗಮ್ಮ ಟ್ರೈಲರ್ ಚಕ್ರದ ಮೇಲೆ ನಿಂತು, ದೋಣಿಯಿಂದ ಬಕೆಟ್‌ನಲ್ಲಿ ನೀರು ಮೊಗೆದು ಬಾಣಲಿಗೆ ಸುರಿಯುತ್ತಿದ್ದಳು. ಸುತ್ತ ಮೂವತ್ತು ಕುರಿ!

"ಅಜ್ಜೀ! ಏನಿದು?"

ಮೂಗಮ್ಮ ಇಳಿದು ಕೈಮುಗಿದಳು. "ನೀನೇ ಏನಪ್ಪಾ ಆ ಪುಣ್ಯಾತ್ಮ? ದಿನಾ ನನ್ ಕುರಿ ಹೊಟ್ಟೆ ತಣ್ಣಗೆ ಮಾಡ್ದೆ. ಇಷ್ಟು ದೊಡ್ಡ ತೊಟ್ಟಿ ಈ ಊರಾಗೆ ಯಾರೂ ಇಟ್ಟಿಲ್ಲ. ಒಸಿ ಎತ್ತರ ಆತು, ಅಷ್ಟೇಯ."

ಬೈಯಲು ಬಂದ ಜಾಕಿರ್ ಎಂಜಲು ಕೈಯಲ್ಲೇ ತಲೆ ಕೆರೆದುಕೊಂಡ. ಶಬಾನಾ ದುಪಟ್ಟಾ ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದಳು.

ಅಷ್ಟರಲ್ಲಿ ಬಾಣಲಿ ಹತ್ತಿರ ಜಾಗ ಸಿಗದ ಒಂದು ಮರಿ ದೋಣಿಯಡಿ ಕತ್ತು ಚಾಚಿ ಏನನ್ನೋ ನೆಕ್ಕುತ್ತಿದ್ದದ್ದು ಜಾಕಿರ್ ಕಣ್ಣಿಗೆ ಬಿತ್ತು. ಮಂಡಿಯೂರಿ ನೋಡಿದ. ಡ್ರೈವಿನ ಹಳೇ ರಬ್ಬರ್ ಕೊಳವೆಯ ಮಡಿಕೆಯಲ್ಲಿ ಕೂದಲೆಳೆಯಷ್ಟು ಸೀಳು! ಅಲ್ಲಿಂದ ಬಿದ್ದ ಹನಿ ನೆಲ ಮುಟ್ಟುವ ಮೊದಲೇ ಮರಿಯ ನಾಲಿಗೆ ಮೇಲೆ.

"ಮಕ್ಕಳಾಟ ಬೇಕಾ?" ಅಂತ ಶಬಾನಾ ಕವರ್ ಚಾಚಿದಳು. ಜಾಕಿರ್ ತಲೆ ತಗ್ಗಿಸಿ ಈಸಿಕೊಂಡ.

"ಅಜ್ಜೀ, ನೀನು ಬರ್ದಿದ್ರೆ ನನ್ನ ಮಾನ ಕೆರೆ ಪಾಲಾಗ್ತಿತ್ತು. ಇನ್ಮೇಲೆ ನಿನ್ನ ಕುರಿಗೆ ಅಂತ್ಲೇ ಇಲ್ಲೊಂದು ತೊಟ್ಟಿ ಇರ್ತೈತೆ. ನಾಳೆ ನೀನೂ ಕೆರೆಗೆ ಬಾ," ಅಂದ.

ಭಾನುವಾರ ದೇವಸಮುದ್ರದ ಕೆರೆಯಲ್ಲಿ ದೋಣಿ ತೇಲಿತು. ದಡದಲ್ಲಿ ಮಕ್ಕಳ ಕೇಕೆ. ಕೃಷ್ಣಮೂರ್ತಿ ತಳ ತಡವಿ ನೋಡಿ ಕಣ್ಣೊರೆಸಿಕೊಂಡ. "ಒಂದು ಹನಿ ಇಲ್ಲ ಭಾಯ್! ನಿಮ್ಮ ಋಣ ಹೆಂಗೆ ತೀರಿಸ್ಲಿ? ಮೊದಲ್ನೇ ಸುತ್ತು ಮೆಕ್ಯಾನಿಕ್‌ಗೆ, ಮುಂದಿನ ಸೀಟು!"

ಜಾಕಿರ್ ಕಾಲರ್ ಸರಿಮಾಡಿಕೊಂಡು, ಎದೆಯುಬ್ಬಿಸಿ, ದೋಣಿಗೆ ಕಾಲಿಟ್ಟ. ಶಬಾನಾ ಹಿಂದಿನಿಂದ ಅಂಗಿ ಜಗ್ಗಿದಳು.

"ತಡೀರಿ. ಮೆಕ್ಯಾನಿಕ್ ಆಗ್ಲೇ ಕೂತಾಯ್ತು."

ಮುಂದಿನ ಸೀಟಿನಲ್ಲಿ ಮೂಗಮ್ಮ, ಅವಳ ತೊಡೆ ಮೇಲೆ ಆ ಮರಿ!

"ಹೆಲ್ಪರ್ ಸೀಟು ಹಿಂದೆ ಐತೆ, ಹೋಗಿ," ಅಂದಳು ಶಬಾನಾ.